ಬ್ಲೇಡ್ ಶೋಗೆ ಗೆಳೆಯರ ಜೊತೆ ಹೊರಟವರಿಗೆ ಹದಿನೆಂಟು ಸೂತ್ರಗಳು

ಪ್ರತಿ ವರ್ಷ ಜೂನ್ ಆರಂಭದ ಒಂದು ವಾರಾಂತ್ಯದಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ, ಅಮೆರಿಕದ ಅಟ್ಲಾಂಟಾದಲ್ಲಿ ಬ್ಲೇಡ್ ಶೋ ನಡೆಯುತ್ತದೆ. ಜಗತ್ತಿನ ಅತಿ ದೊಡ್ಡ ಚಾಕು ಪ್ರದರ್ಶನ ಎಂದೇ ಅದಕ್ಕೆ ಹೆಸರು. ಕೈಯಲ್ಲಿ ಚಾಕು ಮಾಡುವವರು, ಉಕ್ಕಿನ ಪಟ್ಟಿ ಮಾರುವವರು, ಹಿಡಿಕೆಗೆ ಮರ ತರುವವರು, ಒರೆ ಹೊಲಿಯುವವರು, ಗ್ರೈಂಡರ್ ಕಟ್ಟುವವರು, ಎಲ್ಲರೂ ಒಂದೇ ಸೂರಿನಡಿ ನೂರಾರು ಮೇಜು ಹಾಕಿ ಕೂರುತ್ತಾರೆ. ಗ್ಯಾರೇಜಿನಲ್ಲಿ ಗ್ಯಾಸ್ ಕುಲುಮೆ ಇಟ್ಟುಕೊಂಡು ಶನಿವಾರ ಭಾನುವಾರ ಉಕ್ಕು ಬಡಿಯುವ ಹವ್ಯಾಸಿಗಳಲ್ಲಿ ಈಗ ಕನ್ನಡದವರೂ ಇದ್ದಾರೆ. ಬೆಂಗಳೂರಿನಿಂದ ಇದಕ್ಕಾಗಿಯೇ ಟಿಕೆಟ್ ತೆಗೆಯುವ ಉತ್ಸಾಹಿಗಳೂ ಇರಬಹುದು. ಅಲ್ಲಿ ಮೂರು ದಿನ ಕಣ್ಣು ತುಂಬ ನೋಡಿ, ಕೈ ತುಂಬ ಕೊಂಡು, ತಮ್ಮ ಕೆಲಸ ಮಾತ್ರ ಒಂದಿಂಚೂ ಮೇಲೇರದೆ ಮರಳುವವರು ಬಹಳ. ಈ ಸೂತ್ರಗಳು ಅವರಿಗಾಗಿ. ನನ್ನ ದೃಢವಾದ ನಂಬಿಕೆ ಇಷ್ಟು: ಹವ್ಯಾಸಿಗೆ ಆ ಸಭಾಂಗಣದಲ್ಲಿ ಸಿಗುವ ಅತ್ಯಂತ ಬೆಲೆಬಾಳುವ ವಸ್ತು, ತನ್ನದೇ ಚಾಕುವಿನ ಬಗ್ಗೆ ಬಲ್ಲವರು ಆಡುವ ನಾಲ್ಕು ನೇರ ಮಾತು. ಉಳಿದ ತಯಾರಿಯೆಲ್ಲ ಆ ಮಾತು ಕೇಳಿಸಿಕೊಳ್ಳುವುದಕ್ಕಾಗಿ.

1. ನೀವು ಮಾಡಿದ ಒಂದು ಚಾಕುವನ್ನು ಒಯ್ಯಿರಿ. ಒಂದೇ ಸಾಕು, ಎರಡು ಹೆಚ್ಚು. ಆರು ತಿಂಗಳು ತಿಕ್ಕಿ ತೀಡಿ ಬೀರುವಿನಲ್ಲಿಟ್ಟ ಅಪರೂಪದ್ದು ಬೇಡ. ಇತ್ತೀಚೆಗೆ ಮಾಡಿದ್ದು, ನಿಮ್ಮ ಇಂದಿನ ಕೈ ಎಲ್ಲಿದೆ ಎಂದು ತೋರಿಸುವಂಥದ್ದು ಬೇಕು. ಜೊತೆಗೆ ಒಂದು ಚಿಕ್ಕ ಕಾರ್ಡಿನಲ್ಲಿ ಉಕ್ಕು ಯಾವುದು, ಎಷ್ಟು ಕಾಯಿಸಿದಿರಿ, ಯಾವ ಎಣ್ಣೆಗೆ ಅದ್ದಿದಿರಿ, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಟೆಂಪರ್ ಮಾಡಿದಿರಿ ಎಂದು ಬರೆದಿಡಿ. ನೋಡುವವರು ಮೊದಲು ಕೇಳುವುದು ಇದನ್ನೇ. ಆಗ ನೆನಪು ಕೆದಕುತ್ತ ನಿಂತರೆ ಅವರ ಅಮೂಲ್ಯ ಎರಡು ನಿಮಿಷ ಹೋಯಿತು.

2. ಸಾಧ್ಯವಾದರೆ ಆ ಚಾಕು ನಮ್ಮ ಕಡೆಯ ಆಕಾರದ್ದಾಗಿರಲಿ. ಬಾಬ್ ಲವ್‌ಲೆಸ್ ಜನಪ್ರಿಯಗೊಳಿಸಿದ ಡ್ರಾಪ್ ಪಾಯಿಂಟ್ ಬೇಟೆ ಚಾಕುವನ್ನು ಅಲ್ಲಿ ಕುಳಿತವರು ಲೆಕ್ಕವಿಲ್ಲದಷ್ಟು ಸಲ ನೋಡಿದ್ದಾರೆ. ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಮಲೆನಾಡಿನ ಬಾಗಿದ ಕತ್ತಿಯನ್ನೋ ಕೊಡಗಿನ ಪೀಚೆಕತ್ತಿಯ ರೂಪವನ್ನೋ ಮೇಜಿನ ಮೇಲಿಟ್ಟರೆ ಮಾತು ತಾನಾಗಿ ಶುರುವಾಗುತ್ತದೆ. ಯಾಕೆ ಹೀಗೆ ಬಾಗಿದೆ, ತೂಕ ಯಾಕೆ ಮುಂದಿದೆ, ಅಡಿಕೆ ತೋಟದಲ್ಲಿ ಇದರಿಂದ ಏನೇನು ಕೆಲಸ ಎಂದು ಅವರು ಕೇಳುತ್ತಾರೆ. ನಿಮಗೆ ಹೇಳಲು ಏನಾದರೂ ಇದ್ದಾಗ ಕೇಳುವುದೂ ಸುಲಭ.

3. ಗುಂಪು ನಾಲ್ಕು ಜನರದ್ದಾಗಿರಲಿ. ಒಂದು ಕಾರು, ಒಂದು ಕೋಣೆ, ಊಟಕ್ಕೆ ಒಂದು ಮೇಜು. ಎಂಟು ಜನ ಒಟ್ಟಾಗಿ ನಡೆದರೆ ಯಾವ ಮೇಜಿನ ಮುಂದೆಯೂ ನಿಲ್ಲಲಾಗುವುದಿಲ್ಲ. ಒಬ್ಬರಿಗೆ ಅಡುಗೆ ಚಾಕು, ಇನ್ನೊಬ್ಬರಿಗೆ ಮಡಚುವ ಚಾಕು, ಮತ್ತೊಬ್ಬರಿಗೆ ಪದರದ ಉಕ್ಕು ಎಂದು ಆಸಕ್ತಿ ಬೇರೆಬೇರೆಯಾಗಿದ್ದಷ್ಟೂ ಗುಂಪಿಗೆ ಲಾಭ.

4. ಮನೆ ಬಿಡುವ ಮುನ್ನ ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಬರೆದುಕೊಳ್ಳಿ. ಇಡೀ ಪ್ರವಾಸದ ಯಶಸ್ಸು ಈ ಪ್ರಶ್ನೆಯ ಗುಣವನ್ನು ಅವಲಂಬಿಸಿದೆ. "ಯಾವ ಉಕ್ಕು ಒಳ್ಳೆಯದು?" ಎಂದು ಕೇಳಿದರೆ ಸಿಗುವುದು ನಗು ಮತ್ತು "ಯಾವ ಕೆಲಸಕ್ಕೆ?" ಎಂಬ ಮರುಪ್ರಶ್ನೆ. ಅದರ ಬದಲು ಹೀಗೆ ಕೇಳಿ ನೋಡಿ: "ಸಾರ್, 1084 ಉಕ್ಕು, 3 ಮಿಲಿಮೀಟರ್ ದಪ್ಪ. ಗ್ಯಾಸ್ ಕುಲುಮೆಯಲ್ಲಿ ಕಾಯಿಸಿ, 50 ಡಿಗ್ರಿಗೆ ಬೆಚ್ಚಗೆ ಮಾಡಿದ ಕೆನೋಲಾ ಎಣ್ಣೆಗೆ ಅದ್ದುತ್ತೇನೆ. ಪ್ರತಿ ಸಲವೂ ಅಲಗು ಎಡಕ್ಕೇ ಬಾಗುತ್ತದೆ. ನಾನು ಎಲ್ಲಿ ನೋಡಬೇಕು?"

ಇಂಥ ಪ್ರಶ್ನೆ ಕೇಳಿದವರಿಗೆ ಕುರ್ಚಿ ಎಳೆದು ಕೂರಿಸಿ ಉತ್ತರ ಹೇಳುವವರು ಅಲ್ಲಿದ್ದಾರೆ. ಅವರು ಒಂದೊಂದಾಗಿ ಕೇಳುತ್ತಾರೆ: ಎರಡೂ ಮೈಯನ್ನು ಸಮನಾಗಿ ಉಜ್ಜಿದ್ದೀರಾ, ಒಂದು ಮೈ ತೆಳುವಾಗಿದ್ದರೆ ಅದು ಮೊದಲು ತಣ್ಣಗಾಗುತ್ತದೆ. ಅದ್ದುವ ಮೊದಲು ಎರಡು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಿಸಿ ಒಳಗಿನ ಬಿಗಿತ ತೆಗೆದಿದ್ದೀರಾ. ಕುಲುಮೆಯ ಬರ್ನರ್ ಒಂದೇ ಬದಿಗೆ ಉರಿ ಹಾಕುತ್ತಿದೆಯಾ. ಎಣ್ಣೆಗೆ ನೇರ ಇಳಿಸುತ್ತೀರಾ ಅಥವಾ ಓರೆಯಾಗಿಯಾ. ಕೊನೆಗೆ, ಪುಸ್ತಕ ಓದಿಯೂ ಧೈರ್ಯ ಬರದ ಒಂದು ಉಪಾಯ: ಎಣ್ಣೆಯಿಂದ ತೆಗೆದ ಅಲಗು ಸುಮಾರು 200 ಡಿಗ್ರಿಗಿಂತ ಮೇಲಿರುವ ಕೆಲವೇ ಸೆಕೆಂಡು ಅದು ಇನ್ನೂ ಪೂರ್ತಿ ಗಡಸಾಗಿರುವುದಿಲ್ಲ, ಕೈಗವಸು ಹಾಕಿದ ಕೈಯಲ್ಲೇ ನೆಟ್ಟಗೆ ಮಾಡಬಹುದು. ಅದು ಎಷ್ಟು ಹೊತ್ತು, ಎಷ್ಟು ಒತ್ತಡ ಎಂಬುದನ್ನು ಮಾಡಿ ತೋರಿಸುವ ಕೈ ಕಂಡ ಮೇಲೆ ನಿಮ್ಮ ಕೈಗೂ ಬರುತ್ತದೆ.

5. ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಲ್ಲಿ ಇಡಲೇಬಾರದು. ಚೆಕ್-ಇನ್ ಪೆಟ್ಟಿಗೆಯಲ್ಲಿ, ಒರೆಯೊಳಗೆ ಅಥವಾ ದಪ್ಪ ರಟ್ಟಿನಲ್ಲಿ ಸುತ್ತಿ, ಪೆಟ್ಟಿಗೆ ತಪಾಸಣೆ ಮಾಡುವವರ ಕೈ ಕುಯ್ಯದ ಹಾಗೆ ಇಡಿ. ಪದರದ ಉಕ್ಕಿನ ವಿನ್ಯಾಸ ಎಬ್ಬಿಸಲು ಬಳಸುವ ಫೆರಿಕ್ ಕ್ಲೋರೈಡ್ ಲೋಹ ತಿನ್ನುವ ದ್ರವ, ಅದನ್ನು ಯಾವ ಪೆಟ್ಟಿಗೆಯಲ್ಲೂ ತರಬೇಡಿ. ಭಾರದ ಲೆಕ್ಕವೂ ಇರಲಿ: ಒಂದೂವರೆ ಇಂಚು ಅಗಲ, ಎಂಟನೇ ಒಂದು ಇಂಚು ದಪ್ಪ, ನಾಲ್ಕು ಅಡಿ ಉದ್ದದ ಒಂದು ಉಕ್ಕಿನ ಪಟ್ಟಿ ಒಂದು ಕಿಲೋ ಮೀರುತ್ತದೆ. ಹತ್ತು ಪಟ್ಟಿ ಕೊಂಡರೆ 23 ಕಿಲೋದ ಪೆಟ್ಟಿಗೆಯಲ್ಲಿ ಅರ್ಧ ಅದೇ ಆಯಿತು. ನಾಲ್ಕು ಅಡಿಯ ಪಟ್ಟಿ ಪೆಟ್ಟಿಗೆಯಲ್ಲಿ ಹಿಡಿಸುವುದೂ ಇಲ್ಲ. ಪಟ್ಟಿಗಳನ್ನು ಮನೆಗೆ ಕಳಿಸಿಕೊಡಲು ಮಾರುವವರನ್ನೇ ಕೇಳಿ. ಕೆರೋಲಿನಾ, ಟೆನೆಸಿ, ಅಲಬಾಮಾ ಕಡೆಯವರಿಗೆ ಕಾರೇ ಸರಿ.

6. ಕೋಣೆ ಕಾದಿರಿಸುವ ಮುಂಚೆ ಆ ವರ್ಷದ ಸಭಾಂಗಣ ಯಾವುದೆಂದು ನೋಡಿಕೊಳ್ಳಿ. ಬಹುಕಾಲ ಶೋ ನಡೆದದ್ದು ನಗರದ ವಾಯವ್ಯಕ್ಕಿರುವ ಕಾಬ್ ಗ್ಯಾಲರಿಯಾದಲ್ಲಿ. ಅಟ್ಲಾಂಟಾದ ಮೆಟ್ರೋ ರೈಲು ಅಲ್ಲಿಗೆ ಬರುವುದಿಲ್ಲ, ಹತ್ತಿರದಲ್ಲೇ ಬ್ರೇವ್ಸ್ ತಂಡದ ಬೇಸ್‌ಬಾಲ್ ಮೈದಾನ. ಪಂದ್ಯ ಇರುವ ಸಂಜೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿದರೆ ಹೆಚ್ಚು ಕೊಟ್ಟ ದುಡ್ಡು ಸಮಯದ ರೂಪದಲ್ಲಿ ವಾಪಸು ಬರುತ್ತದೆ.

7. ಶುಕ್ರವಾರ ಬೆಳಗ್ಗೆ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ನಿಮಗೆ ಕೆಲಸವಿಲ್ಲ. ಹೆಸರಾಂತ ಕುಶಲಿಗಳ ಚಾಕು ಕೊಳ್ಳಲು ಬಂದ ಸಂಗ್ರಾಹಕರು ಮೊದಲ ಗಂಟೆಯಲ್ಲಿ ಓಡುತ್ತಾರೆ. ಬೇಡಿಕೆ ಹೆಚ್ಚಿರುವ ಕೆಲವರು ಚೀಟಿ ಎತ್ತುತ್ತಾರೆ: ಬೇಕೆಂದವರು ಹೆಸರು ಬರೆದು ಡಬ್ಬಿಗೆ ಹಾಕಬೇಕು, ಹೇಳಿದ ಹೊತ್ತಿಗೆ ಒಂದು ಚೀಟಿ ತೆಗೆಯುತ್ತಾರೆ, ಬಂದ ಹೆಸರಿನವರಿಗೆ ಕೊಳ್ಳುವ ಹಕ್ಕು. ಈ ಹೊತ್ತಿನಲ್ಲಿ ನೀವು ಉಕ್ಕು, ಬೆಲ್ಟು, ಮರ ಮಾರುವವರ ಕಡೆ ಹೋಗಿ. ಅಲ್ಲಿ ಜನ ಕಡಿಮೆ, ಒಳ್ಳೆಯ ಮರ ಇನ್ನೂ ಮೇಲೆಯೇ ಇರುತ್ತದೆ.

8. ಕೇಳದೆ ಮುಟ್ಟಬೇಡಿ. "ನೋಡಬಹುದಾ?" ಎಂದು ಒಂದು ಮಾತು, ಅವರು ತಲೆಯಾಡಿಸಿದ ಮೇಲೆ ಕೈ. ಹಿಡಿಕೆಯನ್ನಷ್ಟೇ ಹಿಡಿಯಿರಿ. ಕಾರ್ಬನ್ ಉಕ್ಕಿನ ಅಲಗಿನ ಮೇಲೆ ಬೆರಳು ತಾಗಿದರೆ ಬೆವರಿನ ಉಪ್ಪಿಗೆ ಸಂಜೆಯೊಳಗೆ ತುಕ್ಕಿನ ಗುರುತು ಮೂಡಬಹುದು. ತಾಗಿದ್ದರೆ ಹೇಳಿಬಿಡಿ, ಅವರು ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಹರಿತ ನೋಡುವುದು, ಮುಂಗೈ ಕೂದಲು ಬೋಳಿಸಿ ನೋಡುವುದು, ಮಡಚುವ ಚಾಕುವನ್ನು ಟಕಟಕ ಬಿಚ್ಚಿ ಮಡಚುವುದು, ಯಾವುದೂ ಬೇಡ. ವಾಪಸು ಕೊಡುವಾಗ ಅವರ ಕೈಗೆ ಚಾಚದೆ ಮೇಜಿನ ಬಟ್ಟೆಯ ಮೇಲೆ, ಬಾಯಿ ನಿಮ್ಮ ಕಡೆ ಇರುವಂತೆ, ಎತ್ತಿಕೊಂಡ ಜಾಗದಲ್ಲೇ ಇಡಿ. ಫೋಟೋಗೂ ಅನುಮತಿ ಕೇಳಿ. ಕೊಳ್ಳುವವರು ಬಂದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಈ ಮೂರು ದಿನದ ಮಾರಾಟದ ಮೇಲೆ ಎಷ್ಟೋ ಮನೆಗಳ ತಿಂಗಳುಗಳ ಖರ್ಚು ನಿಂತಿದೆ, ಅವರ ಮೇಜಿನ ಮುಂದಿನ ಮೂರಡಿ ಜಾಗ ಅವರ ಅಂಗಡಿ ಬಾಗಿಲು.

9. ಚಾಕುವನ್ನು ಒಂದು ಕ್ರಮದಲ್ಲಿ ನೋಡುವುದನ್ನು ರೂಢಿಸಿಕೊಳ್ಳಿ. ಎಲ್ಲರೂ ಒಂದೇ ಕ್ರಮ ಇಟ್ಟುಕೊಂಡರೆ ರಾತ್ರಿ ಕೂತು ಹೋಲಿಸಿ ಮಾತಾಡಲು ಅನುಕೂಲ. ನಾನು ನೋಡುವ ಬಗೆ ಇದು.

ಮೊದಲು ಬೆನ್ನು. ಬಡಗಿ ಹಲಗೆಯ ಓರೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ಹಿಡಿಕೆಯ ಕಡೆಯಿಂದ ಮೊನೆಯ ಕಡೆಗೆ ನೋಟ ಹರಿಸಿ. ಬೆನ್ನು ಹಿಡಿಕೆಯಿಂದ ಮೊನೆಗೆ ಹೋಗುತ್ತ ಒಂದೇ ಹದದಲ್ಲಿ ತೆಳುವಾಗುತ್ತಿದೆಯೇ? ಒಳ್ಳೆಯ ಕಮ್ಮಾರನ ಚಾಕು ದೊಡ್ಡದಾಗಿದ್ದರೂ ಕೈಯಲ್ಲಿ ಹಗುರ ಅನಿಸುವುದು ಇದರಿಂದಲೇ. ಇಡೀ ಬೆನ್ನು ಒಂದೇ ದಪ್ಪವಿದ್ದರೆ ಮೊನೆ ಭಾರವಾಗಿ ಮಣಿಕಟ್ಟು ಸೋಲುತ್ತದೆ.

ಆಮೇಲೆ ಬಾಯಿಯ ಕಡೆ ತಿರುಗಿಸಿ. ಬಾಯಿಯ ಗೆರೆ ಬೆನ್ನಿನ ನಟ್ಟನಡುವೆ ಹರಿಯಬೇಕು. ಹದ ಕೊಡುವಾಗ ಸೊಟ್ಟಗಾಗಿ, ಆಮೇಲೆ ಉಜ್ಜಿ ಸರಿ ಮಾಡಿದ ಅಲಗಿನಲ್ಲಿ ಈ ಗೆರೆ ಎಲ್ಲೋ ಒಂದು ಕಡೆ ಜಾರಿರುತ್ತದೆ.

ಮೂರನೆಯದು, ಹಿಡಿಕೆಯ ಹತ್ತಿರ ಉಜ್ಜುವಿಕೆ ಶುರುವಾಗುವ ಗೆರೆ, ಅಲ್ಲಿಯವರು ಪ್ಲಂಜ್ ಲೈನ್ ಅನ್ನುವುದು. ಎಡ ಬಲ ಎರಡೂ ಒಂದೇ ಜಾಗದಲ್ಲಿ, ಒಂದೇ ಬಾಗಿನಲ್ಲಿ ಶುರುವಾಗಬೇಕು. ನಮ್ಮಂಥ ಹವ್ಯಾಸಿಗಳ ಕೆಲಸ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಬಲಗೈಯವರಿಗೆ ಒಂದು ಮೈ ಸಲೀಸು, ಇನ್ನೊಂದು ಮೈ ಉಜ್ಜುವಾಗ ಮೈಯೇ ತಿರುಚಿಕೊಳ್ಳುತ್ತದೆ. ನುರಿತವರ ಚಾಕು ಎತ್ತಿಕೊಂಡಾಗಲೆಲ್ಲ ಈ ಎರಡು ಗೆರೆಗಳನ್ನು ತಪ್ಪದೆ ಹೋಲಿಸಿ. ಇಪ್ಪತ್ತು ಚಾಕು ನೋಡುವಷ್ಟರಲ್ಲಿ ನಿಮ್ಮ ಚಾಕುವಿನ ಗೆರೆ ಎಷ್ಟು ಆಚೀಚೆ ಇದೆ ಎಂಬುದು ಅಳತೆಪಟ್ಟಿ ಇಲ್ಲದೆ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯದು ಕೂಡುವ ಜಾಗಗಳು. ಹಿಡಿಕೆ ಮತ್ತು ಗಾರ್ಡ್ ಸೇರುವಲ್ಲಿ ಬೆಳಕಿಗೆ ಹಿಡಿದರೆ ಬಿರುಕು ಕಾಣಬಾರದು, ಅಂಟಿನ ಗೆರೆ ಕಪ್ಪಾಗಿ ಎದ್ದು ನಿಲ್ಲಬಾರದು. ಪಿನ್ನಿನ ಸುತ್ತ ಮರ ಸುಟ್ಟ ಬಣ್ಣ ಬಂದಿದ್ದರೆ ಬೆಲ್ಟಿನಲ್ಲಿ ಅವಸರ ಮಾಡಿದ್ದಾರೆ ಎಂದರ್ಥ. ಕೊನೆಗೆ ಕಣ್ಣು ಮುಚ್ಚಿ ಹಿಡಿದು ನೋಡಿ, ಬಾಯಿ ಯಾವ ಕಡೆ ಇದೆ ಎಂಬುದು ಅಂಗೈಗೇ ಗೊತ್ತಾಗಬೇಕು. ಕೊಳವೆಯಂತೆ ಗುಂಡಗಿರುವ ಹಿಡಿಕೆ ಒದ್ದೆ ಕೈಯಲ್ಲಿ ತಿರುಗುತ್ತದೆ, ಮೊಟ್ಟೆಯಾಕಾರದ ಅಡ್ಡಕೊಯ್ತ ತಿರುಗುವುದಿಲ್ಲ.

10. ನಿಮ್ಮ ಚಾಕು ತೋರಿಸಲು ಭಾನುವಾರ ಬೆಳಗ್ಗೆಯೇ ಸರಿಯಾದ ಹೊತ್ತು. ಶುಕ್ರವಾರವೇ ಎಲ್ಲ ಮಾರಿ ಮುಗಿಸಿದವರು ಖಾಲಿ ಮೇಜಿನ ಹಿಂದೆ ಕೂತಿರುತ್ತಾರೆ, ಮಾತಾಡಲು ಅವರಿಗೂ ಮನಸ್ಸಿರುತ್ತದೆ. ನಿಮ್ಮ ಚಾಕುವನ್ನು ಅವರ ಮಾರಾಟದ ಚಾಕುಗಳ ಪಕ್ಕ ಬಿಚ್ಚಿ ಇಡಬೇಡಿ. "ಬಿಡುವಾಗಿದ್ದರೆ ನನ್ನ ಕೆಲಸ ನೋಡಿ ತಪ್ಪು ಹೇಳುತ್ತೀರಾ?" ಎಂದು ಕೇಳಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಮರ್ಯಾದೆಯ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. "ಮುಂದಿನ ಚಾಕುವಿನಲ್ಲಿ ಮೊದಲು ಯಾವ ಒಂದನ್ನು ತಿದ್ದಲಿ?" ಎಂದು ಕೇಳಿದರೆ ಅವರು ನಿಜವಾಗಿ ಯೋಚಿಸುತ್ತಾರೆ.

ಅವರು ಮಾತಾಡುವಾಗ ಸಮರ್ಥನೆ ಬೇಡ. ಬೆಲ್ಟು ಹಳೆಯದಿತ್ತು, ಮಗಳ ಹುಟ್ಟುಹಬ್ಬಕ್ಕೆ ಅವಸರದಲ್ಲಿ ಮುಗಿಸಿದೆ, ಇವೆಲ್ಲ ನಿಜವಿದ್ದರೂ ಆ ಹೊತ್ತಿಗೆ ನುಂಗಿಕೊಳ್ಳಿ. ಜೊತೆಗಿರುವ ಗೆಳೆಯರು ಪಕ್ಕದಲ್ಲಿ ನಿಂತು ಹೇಳಿದ್ದನ್ನೆಲ್ಲ ಬರೆದುಕೊಳ್ಳಲಿ. ತನ್ನ ಚಾಕುವಿನ ತಪ್ಪು ಕೇಳಿಸಿಕೊಳ್ಳುವಾಗ ಕಿವಿ ಅರ್ಧ ಮುಚ್ಚಿರುತ್ತದೆ, ಪಕ್ಕದವರ ಕಿವಿ ತೆರೆದಿರುತ್ತದೆ. ಗುಂಪಾಗಿ ಹೋಗುವುದರ ಅತಿ ದೊಡ್ಡ ಉಪಯೋಗ ನನ್ನ ಮಟ್ಟಿಗೆ ಇದು. ಮೂವರು ಬೇರೆಬೇರೆ ಕುಶಲಿಗಳಿಗೆ ತೋರಿಸಿ. ಮೂವರೂ ಒಂದೇ ದೋಷ ಹೇಳಿದರೆ ಅದನ್ನು ತಿದ್ದುವವರೆಗೆ ಹೊಸ ಆಕಾರಕ್ಕೆ ಕೈ ಹಾಕಬೇಡಿ.

11. ಎಬಿಎಸ್ ಸದಸ್ಯರ ಮೇಜುಗಳಲ್ಲಿ ಸಾಕಷ್ಟು ಹೊತ್ತು ಕಳೆಯಿರಿ. ಎಬಿಎಸ್ ಅಂದರೆ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ; ಅದನ್ನು 1976ರಲ್ಲಿ ಮೇರಿಲ್ಯಾಂಡಿನ ಬಿಲ್ ಮೊರಾನ್ ಮತ್ತು ಸಂಗಡಿಗರು ಕಟ್ಟಿದರು. ಸುತ್ತಿಗೆಯಲ್ಲಿ ಬಡಿದು ಚಾಕು ಮಾಡುವ ವಿದ್ಯೆ ಆಗ ಅಮೆರಿಕದಲ್ಲಿ ನಂದುತ್ತಿತ್ತು. 1973ರಲ್ಲಿ ಮೊರಾನ್ ಪದರ ಬೆಸೆದ ಡಮಾಸ್ಕಸ್ ಚಾಕುಗಳನ್ನು ನೈಫ್‌ಮೇಕರ್ಸ್ ಗಿಲ್ಡ್ ಪ್ರದರ್ಶನದಲ್ಲಿ ತಂದಿಟ್ಟಾಗ ಅದನ್ನು ಮಾಡುವ ವಿಧಾನ ಬರೆದ ಕಿರುಪುಸ್ತಿಕೆಯನ್ನೂ ಬಿಟ್ಟಿಯಾಗಿ ಹಂಚಿದರು. ತನಗೆ ಗೊತ್ತಿದ್ದುದನ್ನು ಹೀಗೆ ಬಿಚ್ಚಿಟ್ಟವರ ಪರಂಪರೆ ಇದು, ಆದ್ದರಿಂದಲೇ ಇಲ್ಲಿ ಕೇಳಿದವರಿಗೆ ಇಲ್ಲ ಎನ್ನುವವರು ಕಡಿಮೆ.

ಈ ಸಂಸ್ಥೆಯಲ್ಲಿ ಜರ್ನಿಮನ್ ಎಂಬ ಹಂತಕ್ಕೆ ಏರಲು ಎರಡು ಪರೀಕ್ಷೆ. ಮೊದಲನೆಯದರಲ್ಲಿ ಅಭ್ಯರ್ಥಿ ತಾನು ಮಾಡಿದ ಚಾಕುವಿನಿಂದ ನೇತುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು; ಎರಡು-ನಾಲ್ಕಿಂಚಿನ ಮರದ ತುಂಡನ್ನು ಎರಡು ಸಲ ಕಡಿದು ತುಂಡು ಮಾಡಬೇಕು; ಅಷ್ಟಾದ ಮೇಲೂ ಅದೇ ಬಾಯಿ ಕೂದಲು ಬೋಳಿಸಬೇಕು; ಕೊನೆಗೆ ಅಲಗನ್ನು ವೈಸಿನಲ್ಲಿ ಕಚ್ಚಿಸಿ 90 ಡಿಗ್ರಿ ಬಗ್ಗಿಸಿದಾಗ ಮುರಿಯಬಾರದು. ಬಾಯಿ ಗಡಸು, ಬೆನ್ನು ಮೆದು, ಎರಡೂ ಒಂದೇ ಉಕ್ಕಿನಲ್ಲಿ ಇರಬೇಕು. ಹದ ಬಲ್ಲವರಿಗೆ ಮಾತ್ರ ಸಾಧ್ಯ. ಈ ಪರೀಕ್ಷೆ ಶೋಗೆ ಮೊದಲೇ, ಜರ್ನಿಮನ್‌ಗಿಂತ ಮೇಲಿನ ಹಂತದ ಒಬ್ಬ ಮಾಸ್ಟರ್ ಸ್ಮಿತ್ ಎದುರು ನಡೆದಿರುತ್ತದೆ. ಎರಡನೆಯದು ಅಟ್ಲಾಂಟಾದಲ್ಲಿ: ಐದು ಚಾಕುಗಳನ್ನು ಮಾಸ್ಟರ್ ಸ್ಮಿತ್‌ಗಳ ಮಂಡಳಿ ಎದುರು ಇಟ್ಟು ತೀರ್ಪು ಕಾಯಬೇಕು. ಆ ವಾರಾಂತ್ಯದಲ್ಲೇ ಪಾಸಾದವರನ್ನು ಹುಡುಕಿ ಮಾತಾಡಿಸಿ. ಮಂಡಳಿ ಯಾವ ಚಾಕುವನ್ನು ಎಷ್ಟು ಹೊತ್ತು ತಿರುಗಿಸಿ ನೋಡಿತು, ಏನು ಕೇಳಿತು ಎಂಬುದು ಅವರಿಗೆ ಬಿಸಿಬಿಸಿಯಾಗಿ ನೆನಪಿರುತ್ತದೆ.

12. ಮೂಸೆ ಉಕ್ಕಿನ ಅಲಗು ಎಲ್ಲಾದರೂ ಕಂಡರೆ ನಿಂತುಬಿಡಿ. ಇಂದು ಡಮಾಸ್ಕಸ್ ಎಂದು ಮಾರುವುದರಲ್ಲಿ ಹೆಚ್ಚಿನದು ಎರಡು ಬಗೆಯ ಉಕ್ಕಿನ ಪದರ ಬೆಸೆದದ್ದು. ಹಳೆಯ ಡಮಾಸ್ಕಸ್ ಕತ್ತಿಗಳು ಬೇರೆ, ಅವು ಮೂಸೆ ಉಕ್ಕಿನವು; ಅವುಗಳ ಗಟ್ಟಿಗಳು ದಕ್ಷಿಣ ಭಾರತದಿಂದ ಹೋದವು, ವೂಟ್ಜ್ ಎಂದು ಹೊರಗಿನವರು ಕರೆದ ಉಕ್ಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮೂಸೆಗೆ ಕಬ್ಬಿಣ, ತಂಗಡಿ ಕಟ್ಟಿಗೆ, ಎಲೆ ತುಂಬಿ ಕಾಸುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ವಿದ್ಯೆ ಮರೆತುಹೋದ ಮೇಲೆ, ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದ ಆಲ್ ಪೆಂಡ್ರೆ ಮತ್ತು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್ಹೋವನ್ ಸೇರಿ ಅದನ್ನು ಮರಳಿ ಮಾಡಿ ತೋರಿಸಿದರು. ಅದಿರಿನಲ್ಲಿರುವ ಅತ್ಯಲ್ಪ ವೆನೇಡಿಯಂನಂಥ ಧಾತುಗಳಿಂದ ಅಲಗಿನ ಮೇಲಿನ ಆ ಅಲೆಗಳು ಮೂಡುತ್ತವೆ ಎಂದು 1998ರಲ್ಲಿ ಪ್ರಕಟಿಸಿದರು. ಅಂಥ ಅಲಗು ಮಾಡುವವರ ಎದುರು ನಿಂತು, ನಾನು ಆ ಸೀಮೆಯವನು ಎಂದು ಹೇಳಿ. ಅವರ ಮುಖದಲ್ಲಿ ಮೂಡುವ ಗೌರವ ನಮ್ಮ ಹೆಸರಿಲ್ಲದ ಕಮ್ಮಾರರಿಗೆ ಸಲ್ಲಬೇಕಾದದ್ದು, ನಾವು ಅದನ್ನು ತಿಳಿದುಕೊಂಡು ಸ್ವೀಕರಿಸಬೇಕು.

13. ನಿಮ್ಮ ಕುಲುಮೆಗೆ ಒಗ್ಗದ ಉಕ್ಕು ಕೊಳ್ಳಬೇಡಿ. 2021ರಲ್ಲಿ ಬಂದ ಮ್ಯಾಗ್ನಾಕಟ್ ಎಲ್ಲರ ಬಾಯಲ್ಲಿದೆ. ಲ್ಯಾರಿನ್ ಥಾಮಸ್ ಎಂಬ ಲೋಹಶಾಸ್ತ್ರಜ್ಞ ಚಾಕುವಿಗೆಂದೇ ರೂಪಿಸಿದ ಅತ್ಯುತ್ತಮ ಉಕ್ಕು ಅದು. ಆದರೆ ಅದನ್ನು 1100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅಳೆದು ನಿಲ್ಲಿಸುವ ವಿದ್ಯುತ್ ಕುಲುಮೆ ಬೇಕು. ಗ್ಯಾಸ್ ಕುಲುಮೆ, ಅಯಸ್ಕಾಂತ, ಕಣ್ಣಂದಾಜು ಇಷ್ಟೇ ಇರುವವರಿಗೆ 1084 ಅಥವಾ 80ಸಿಆರ್‌ವಿ2 ಸರಿ. 1095 ಕೂಡ ಹೆಸರಾದದ್ದೇ, ಆದರೆ ಅದು ಕ್ಷಣಾರ್ಧದಲ್ಲಿ ತಣಿಯಬೇಕು, ಅಡುಗೆ ಎಣ್ಣೆ ಆ ವೇಗಕ್ಕೆ ಸಾಲದು. ನಾಲ್ವರೂ ಒಂದೇ ಉಕ್ಕನ್ನು ಒಂದೇ ಬ್ಯಾಚಿನಿಂದ ಕೊಂಡು ಹಂಚಿಕೊಳ್ಳಿ. ಒಬ್ಬರಿಗೆ ಸರಿಬಂದ ಹದ ಉಳಿದ ಮೂವರಿಗೂ ಸರಿಬರುತ್ತದೆ. ಬೆಲ್ಟಿನ ಕಟ್ಟು, ಅದ್ದುವ ಎಣ್ಣೆಯ ಐದು ಗ್ಯಾಲನ್ ಡಬ್ಬಿಗೂ ಇದೇ ಲೆಕ್ಕ.

14. ಹಿಡಿಕೆಯ ಮರವನ್ನು ಮಾತ್ರ ಕೈಯಲ್ಲಿ ಹಿಡಿದೇ ಕೊಳ್ಳಿ. ಚಿತ್ರ ನೋಡಿ ತರಿಸಿದ ಮರದಲ್ಲಿ ಎಳೆಯ ಓಟ, ತೂಕ, ಒಳಬಿರುಕು ಗೊತ್ತಾಗುವುದಿಲ್ಲ. ರಾಳ ತುಂಬಿಸಿ ಗಟ್ಟಿ ಮಾಡಿದ ತುಂಡು ಅದೇ ಅಳತೆಯ ಸಾದಾ ತುಂಡಿಗಿಂತ ಭಾರವಾಗಿರುತ್ತದೆ, ಎರಡನ್ನೂ ಎರಡು ಕೈಯಲ್ಲಿ ತೂಗಿ ನೋಡಿ. ಎರಡು ಹೋಳುಗಳು ಒಂದೇ ತುಂಡಿನಿಂದ ಸೀಳಿದವೇ ಎಂದು ಅಂಚು ಜೋಡಿಸಿ ನೋಡಿ.

ಕಾನೂನೂ ತಿಳಿದಿರಲಿ. ನಮ್ಮ ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರಿಂದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿವೆ, ದೇಶದ ಗಡಿ ದಾಟಿಸಲು ಕಾಗದಪತ್ರ ಬೇಕಾಗಬಹುದು. ಆನೆದಂತದ ವ್ಯಾಪಾರವನ್ನು ಅಮೆರಿಕ 2016ರಲ್ಲಿ ಬಹುತೇಕ ಮುಚ್ಚಿದೆ. ಹಳೆಯ ಚಾಕುಗಳಲ್ಲಿ ಕಾಣುವ ಕಡವೆ ಕೊಂಬಿನ ಹಿಡಿಕೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಭಾರತಕ್ಕೆ ತರುವ ಯೋಚನೆ ಬೇಡ. ನಮ್ಮ ವನ್ಯಜೀವಿ ಕಾಯ್ದೆಯಡಿ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

15. ಊರಿಗೆ ಚಾಕು ತರುವವರು ಒಂಬತ್ತು ಇಂಚು ಉದ್ದ, ಎರಡು ಇಂಚು ಅಗಲ ಎಂಬ ಅಳತೆ ನೆನಪಿಡಿ. ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇವುಗಳಲ್ಲಿ ಒಂದನ್ನು ಮೀರಿದ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಬಳಕೆ, ಕೃಷಿ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಉದ್ದ ಅಲಗಿನ ಬೋವಿ ಚಾಕು ಬೇಡ, ಅಮ್ಮನಿಗೆ ಒಳ್ಳೆಯ ತರಕಾರಿ ಚಾಕು ತನ್ನಿ.

16. ಚೌಕಾಸಿ ಮಾಡಬೇಡಿ. ನಲವತ್ತು ಗಂಟೆ ಕೂತು ಮಾಡಿದ ಚಾಕುವಿಗೆ ಬರೆದಿಟ್ಟ ಬೆಲೆ ಅದರ ಬೆಲೆ. ನಗದು ಇಟ್ಟುಕೊಳ್ಳಿ. ಮೆತ್ತನೆ ಬೂಟು, ನೀರು, ಬ್ಯಾಂಡೇಜ್ ಪಟ್ಟಿಯೂ ಚೀಲದಲ್ಲಿರಲಿ.

17. ಕತ್ತರಿಸುವ ಸ್ಪರ್ಧೆಯನ್ನು ತಪ್ಪಿಸಬೇಡಿ. ಮರ ಕಡಿದ ಅದೇ ಅಲಗಿನಿಂದ ನೀರಿನ ಬಾಟಲಿ, ನೇತುಬಿಟ್ಟ ಹಗ್ಗ, ಕುಡಿಯುವ ಸ್ಟ್ರಾ ಕತ್ತರಿಸುವಾಗ ಸ್ಪರ್ಧಿಯ ಕಾಲು ಎಲ್ಲಿದೆ ನೋಡಿ. ತಪ್ಪಿದ ಏಟು ತಮ್ಮ ಮೊಣಕಾಲಿಗೆ ಬಾರದ ಹಾಗೆ ಅವರು ನಿಲ್ಲುವ ಭಂಗಿಯನ್ನು ನಮ್ಮ ತೋಟದಲ್ಲಿ ಮಚ್ಚು ಬೀಸುವವರಿಗೂ ಕಲಿಸಬೇಕು.

18. ಪ್ರತಿ ರಾತ್ರಿ ಕೋಣೆಯಲ್ಲಿ ಒಂದು ಗಂಟೆ ಕೂತು ಲೆಕ್ಕ ಒಪ್ಪಿಸಿ. ಬಾರಿನಲ್ಲಿ ಕೂರುವ ಆಸೆಯಿದ್ದರೆ ಆಮೇಲೆ ಹೋಗಿ. ಕಾಬ್ ಗ್ಯಾಲರಿಯಾ ಪಕ್ಕದ ವೇವರ್ಲಿ ಹೋಟೆಲಿನ ತಗ್ಗಿನ ಬಾರಿಗೆ ಪಿಟ್ ಎಂದೇ ಹೆಸರು, ಕತ್ತಲಾದ ಮೇಲೆ ಕುಶಲಿಗಳೂ ಸಂಗ್ರಾಹಕರೂ ಸೇರಿ ಚಾಕು ಕೈ ಬದಲಾಯಿಸುತ್ತಿದ್ದ ಜಾಗ ಅದು. ಆದರೆ ಮೊದಲು ಕೋಣೆ. ಒಬ್ಬೊಬ್ಬರೂ ತಮ್ಮ ಪ್ರಶ್ನೆಗೆ ಸಿಕ್ಕ ಉತ್ತರ ಹೇಳಬೇಕು, ಯಾರ ಮೇಜಿನಲ್ಲಿ ಏನು ಕಂಡಿತೆಂದು ಹೇಳಬೇಕು, ನಾಲ್ಕೂ ಚಾಕು ಹಾಸಿಗೆಯ ಮೇಲೆ ಬಟ್ಟೆ ಹಾಸಿ ಪಕ್ಕಪಕ್ಕ ಇಡಬೇಕು. ಗೆಳೆಯರ ಕೆಲಸಕ್ಕೆ ಸುಳ್ಳು ಹೊಗಳಿಕೆ ಬೇಡ ಎಂದು ಮೊದಲೇ ಮಾತಾಡಿಕೊಂಡಿರಿ. ಮರುದಿನ ಯಾರು ಎಲ್ಲಿಗೆ ಎಂಬುದನ್ನು ಆ ಗಂಟೆಯಲ್ಲೇ ಹಂಚಿಕೊಳ್ಳಿ.

ಮನೆಗೆ ಬಂದ ವಾರದೊಳಗೆ ಸಮಯ ಕೊಟ್ಟ ಪ್ರತಿಯೊಬ್ಬರಿಗೂ ಎರಡು ಸಾಲಿನ ಧನ್ಯವಾದ ಬರೆಯಿರಿ, ನಿಮ್ಮ ಚಾಕುವಿನ ಫೋಟೋ ಜೊತೆಗೆ ಕಳಿಸಿದರೆ ಯಾರೆಂದು ಅವರಿಗೆ ನೆನಪಾಗುತ್ತದೆ. ಆಮೇಲೆ ಅದೇ ಆಕಾರದ, ಅದೇ ಅಳತೆಯ ಚಾಕುವನ್ನು ಹೇಳಿದ ಒಂದು ದೋಷವಷ್ಟೇ ತಿದ್ದಿ ಮತ್ತೆ ಮಾಡಿ. ಎಬಿಎಸ್ ಸದಸ್ಯತ್ವದ ಅರ್ಜಿಯನ್ನೂ ಆಗಲೇ ತುಂಬಿ. ಜರ್ನಿಮನ್ ಪರೀಕ್ಷೆಗೆ ಕೂರಲು ಸದಸ್ಯರಾಗಿ ಮೂರು ವರ್ಷ, ಅವರ ಪರಿಚಯ ತರಗತಿ ಮುಗಿಸಿದವರಾದರೆ ಎರಡು ವರ್ಷ ಆಗಿರಬೇಕು. ಆ ಲೆಕ್ಕ ಶುರುವಾಗುವುದು ಸದಸ್ಯರಾದ ದಿನದಿಂದ.